ವಿಮಾನದಲ್ಲಿ ಎರಡು ಮರಿ

ಹೊಳಲ್ಕೆರೆ ಬಸ್ ನಿಲ್ದಾಣದ ಅಂಗಡಿಯವನು ಇವತ್ತು ಚಿಲ್ಲರೆ ಇಲ್ಲವೆಂದು ನನ್ನ ಕೈಗೆ ಒಂದು ಕಿತ್ತಳೆ ಪೆಪ್ಪರಮೆಂಟು ಇಟ್ಟ. ಹಲ್ಲಿಲ್ಲದ ಮುದುಕಿಗೆ ಪೆಪ್ಪರಮೆಂಟು ಕೊಡುವವನ ಬುದ್ಧಿಗೆ ಏನು ಹೇಳುವುದು. ಆದರೆ ಕೈಗೆ ಬಂದದ್ದನ್ನು ಬಿಸಾಕುವ ಜಾಯಮಾನ ನನ್ನದಲ್ಲ. ಹೊಸದುರ್ಗದ ಬಸ್ಸು ಹತ್ತಿ, ಕಿಟಕಿಯ ಪಕ್ಕ ಕುಳಿತು, ಬಾಯಿಗೆ ಹಾಕಿಕೊಂಡೆ. ಆ ಹುಳಿ ಸಿಹಿ ವಾಸನೆ ಮೂಗಿಗೆ ಏರಿದ್ದೇ ತಡ, ವಿಮಾನ ನೆನಪಾಯಿತು.

ನಗಬೇಡಿ. ನಾನು ವಿಮಾನ ಹತ್ತಿದವಳು. ಈಗ ಯಾರು ಬೇಕಾದರೂ ಹತ್ತುತ್ತಾರೆ. ನಾನು ಹತ್ತಿದ್ದು ರೈಲಿನವರು ಮುಷ್ಕರ ಹೂಡಿದ್ದ ವರ್ಷ, ಯಲ್ಲದಕೆರೆಯಲ್ಲಿ ವಿಮಾನ ಎಂದರೆ ತಲೆ ಎತ್ತಿ ನೋಡಿ, ಕತ್ತು ನೋವು ಬರಿಸಿಕೊಂಡು, ಮತ್ತೆ ಕಳೆ ಕೀಳಲು ಬಗ್ಗುವಂಥದ್ದು. ನಮ್ಮ ಊರಿನಿಂದ ಅದನ್ನು ಹತ್ತಿದ ಮೊದಲ ಜೀವ ನಾನೇ ಎಂದು ಕಾಣುತ್ತದೆ. ಅದನ್ನು ಹೇಳಿಕೊಂಡು ಮೆರೆಯುವಂತಿಲ್ಲ, ಯಾಕೆಂದರೆ ಎರಡು ಮಕ್ಕಳನ್ನು ಕಟ್ಟಿಕೊಂಡು ಹತ್ತಿದವಳಿಗೆ ವಿಮಾನವೂ ಒಂದೇ, ಸಂತೆಯ ಗಾಡಿಯೂ ಒಂದೇ. ಒಂದು ಅಳುತ್ತದೆ, ಇನ್ನೊಂದು ಉಚ್ಚೆ ಬಂತು ಎನ್ನುತ್ತದೆ. ನನಗೆ ಅಕ್ಷರ ಕಮ್ಮಿ, ನಿಧಾನವಾಗಿ ಬರೆಯುತ್ತೇನೆ. ನೀವೂ ನಿಧಾನವಾಗಿ ಓದಿ, ಬಸ್ಸು ಹೇಗೂ ಊರೂರಿಗೂ ನಿಲ್ಲುತ್ತದೆ.

ಮಕ್ಕಳು ನನ್ನವಲ್ಲ. ಚಿತ್ರದುರ್ಗದ ಹತ್ತಿರ ತಾಮ್ರದ ಗಣಿಯಲ್ಲಿ ಒಬ್ಬ ಇಂಜಿನಿಯರ್ ಸಾಹೇಬರಿದ್ದರು. ಅವರ ಮನೆಯಲ್ಲಿ ಮಕ್ಕಳನ್ನು ನೋಡಿಕೊಳ್ಳುವ ಕೆಲಸ ನನ್ನದು. ನನ್ನ ಗಂಡ ಕುರಿ ಹೊಡೆದುಕೊಂಡು ವರ್ಷದ ಅರ್ಧ ಊರೂರು ಅಲೆಯುವವನು. ನನ್ನ ಒಬ್ಬಳೇ ಮಗಳು ಗಂಗಿ, ಐದು ವರ್ಷದವಳು, ಯಲ್ಲದಕೆರೆಯಲ್ಲಿ ನನ್ನ ತಾಯಿ ತಂದೆಯ ಹತ್ತಿರ ಇದ್ದಳು. ಭಾನುವಾರ ಬಿಡುವು ಸಿಕ್ಕರೆ ನಾನು ಹೋಗುತ್ತಿದ್ದೆ, ಇಲ್ಲವಾದರೆ ಇಲ್ಲ. ಸಾಹೇಬರ ಮಕ್ಕಳಲ್ಲಿ ದೊಡ್ಡವಳು ಶಶಿ, ಗಂಗಿಯದೇ ವಯಸ್ಸು. ಚಿಕ್ಕವನು ಬಾಬು, ವರ್ಷ ತುಂಬಿ ತಪ್ಪು ಹೆಜ್ಜೆ ಇಡುತ್ತಿದ್ದ. ಅವರ ತಾಯಿಗೆ, ನಾನು ಅಮ್ಮಾರು ಅನ್ನುತ್ತಿದ್ದೆ, ಎದೆಯ ಕಾಯಿಲೆ. ಮಕ್ಕಳಿಗೆ ಅಂಟೀತು ಎಂದು ಡಾಕ್ಟರು ದೂರ ಇಡಲು ಹೇಳಿದ್ದರಿಂದ ಅವರು ಬೊಂಬಾಯಿಯ ತವರಿಗೆ ಹೋಗಿ ಔಷಧಿ ಮಾಡಿಸಿಕೊಳ್ಳುತ್ತಿದ್ದರು. ಹೋದಾಗ ಬಾಬು ಇನ್ನೂ ಬೋರಲಾಗುವ ಕೂಸು. ನಡೆಯುವ ಹೊತ್ತಿಗೆ ಅವನಿಗೆ ತಾಯಿ ಎಂದರೆ ನಾನೇ. ನನ್ನನ್ನು ಅವ್ವ ಎಂದು ಕರೆಯುತ್ತಿದ್ದ. ಅವನನ್ನು ನೋಡಿ ಶಶಿಯೂ ಹಾಗೇ ಕರೆಯಲು ಶುರು ಮಾಡಿದಳು.

ನೀವು ಈಗ ಅಯ್ಯೋ ಪಾಪ ಎನ್ನಲು ಬಾಯಿ ತೆರೆಯುತ್ತಿದ್ದೀರಿ. ಮುಚ್ಚಿ. ಕೂಸು ಯಾರನ್ನು ಬೇಕಾದರೂ ಅವ್ವ ಎನ್ನುತ್ತದೆ. ಹಾಲು ಕೊಟ್ಟರೆ ಬೇಲಿ ಗೂಟವನ್ನೂ ಎಂದೀತು.

ಅಮ್ಮಾರಿಗೆ ಗುಣವಾಯಿತು, ಮಕ್ಕಳನ್ನು ಕರೆದುಕೊಂಡು ಬನ್ನಿ ಎಂದು ಹೇಳಿ ಕಳಿಸಿದರು. ಅದೇ ವಾರ ರೈಲು ನಿಂತವು. ಸಾಹೇಬರು ಎರಡು ದಿನ ಮನೆಯೊಳಗೆ ಶತಪಥ ತಿರುಗಿದರು. ಆಮೇಲೆ ಬೆಂಗಳೂರಿನಿಂದ ವಿಮಾನದಲ್ಲಿ ಹೋಗುವುದೆಂದು ತೀರ್ಮಾನಿಸಿದರು.

"ನೀನೂ ಬಾ. ಬಾಬು ನಿನ್ನ ಬಿಟ್ಟು ಒಂದು ಗಳಿಗೆ ಇರಲ್ಲ," ಎಂದರು.

"ನಾನು ಯಾವಾಗ ವಾಪಸ್ ಬರಾದು ಸಾಮಿ?"

"ಮೂರನೇ ದಿನ ನನ್ನ ಜೊತೇಲೇ. ಮಕ್ಕಳು ಅವರಮ್ಮನ ಹತ್ತಿರ ಹೊಂದಿಕೊಂಡರೆ."

"ಹೊಂದ್ಕಳ್ಳಿಲ್ಲ ಅಂದ್ರೆ?"

ಸಾಹೇಬರು ಸಿಗರೇಟು ಹಚ್ಚಿದರು. "ಹೊಂದಿಕೊಳ್ಳೋವರೆಗೂ ಅಲ್ಲೇ ಇರಬೇಕಾಗುತ್ತೆ. ತಿಂಗಳೋ, ಎರಡು ತಿಂಗಳೋ."

ಅಲ್ಲಿಗೆ ನನ್ನ ಎದೆಯಲ್ಲಿ ಒಂದೇ ಮಾತು ಕೂತಿತು. ಈ ಮಕ್ಕಳು ಅವರ ತಾಯಿಯ ಹತ್ತಿರ ಹೋಗಬೇಕು, ನಾನು ನನ್ನ ಮಗಳ ಹತ್ತಿರ ಬರಬೇಕು. ಬೊಂಬಾಯಿಗೆ ಮನೆ ಕೆಲಸಕ್ಕೆ ಹೋಗಿ ಅಲ್ಲೇ ನಿಂತು, ಊರಿಗೆ ಬಂದಾಗ ತನ್ನ ಮಗನಿಗೇ ತನ್ನ ಗುರುತು ಹೇಳಬೇಕಾದ ಹೆಂಗಸನ್ನು ನಾನು ನಮ್ಮ ಕಡೆಯ ಹರಿಯಬ್ಬೆಯಲ್ಲಿ ಕಣ್ಣಾರೆ ಕಂಡಿದ್ದೆ.

ಕಾರಿನಲ್ಲಿ ಹೊರಟೆವು. ಹಿರಿಯೂರಿನ ರಸ್ತೆ ಬದಿಯ ಚಹಾದ ಅಂಗಡಿಯ ಹತ್ತಿರ ನನ್ನ ತಾಯಿ ಗಂಗಿಯನ್ನು ಕರೆದುಕೊಂಡು ಬಂದು ನಿಂತಿದ್ದಳು. ಶಶಿಗೂ ಗಂಗಿಗೂ ಸ್ನೇಹ. ಎಷ್ಟೋ ಸಲ ಗಂಗಿ ಸಾಹೇಬರ ಬಂಗಲೆಗೆ ಬಂದು ಇದ್ದು ಹೋಗಿದ್ದಳು. ಇಬ್ಬರೂ ಕಾರಿನ ಕಿಟಕಿಯಲ್ಲಿ ತಲೆ ತೂರಿಸಿಕೊಂಡು ಏನೋ ಗುಸುಗುಸು ಮಾಡಿದರು. ಶಶಿಗೆ ನೆಗಡಿ, ಮೂಗು ಸೋರುತ್ತಿತ್ತು. ಗಂಗಿ ತನ್ನ ಲಂಗದ ತುದಿಯಲ್ಲಿ ಅದನ್ನು ಒರೆಸಿದಳು.

"ಅವ್ವಾ, ಮೇಲಿಂದ ನಮ್ಮನೆ ಕಾಣ್ತೈತಾ?"

"ಕಂಡ್ರೆ ಕೂಗ್ತೀನಿ ಬಿಡೇ."

"ಯಾವಾಗ ಬರ್ತೀಯಾ?"

"ಮೂರು ದಿನ."

"ದೇವ್ರಾಣೆಗೂ?"

"ಸುಮ್ಕಿರೇ, ದೇವ್ರು ಪಾಡಿಗೆ ದೇವ್ರಿರ್ಲಿ," ಎಂದು ನನ್ನ ತಾಯಿ ಅವಳ ತಲೆಗೆ ಒಂದು ಮೊಟಕಿದಳು. ಕಾರು ಹೊರಟಿತು. ನಾನು ಹಿಂತಿರುಗಿ ನೋಡಲಿಲ್ಲ. ಬಾಬು ನನ್ನ ತೊಡೆಯ ಮೇಲೆ ವಾಂತಿ ಮಾಡುತ್ತಿದ್ದ, ನೋಡಲು ಪುರುಸೊತ್ತಿರಲಿಲ್ಲ.

ಇಲ್ಲಿ ಕುರಿಯ ಮಾತು ಒಂದು ಹೇಳಬೇಕು. ಹೇಳದಿದ್ದರೆ ನಾನು ಮಾಡಿದ್ದು ನಿಮಗೆ ಹುಚ್ಚಾಗಿ ಕಾಣುತ್ತದೆ. ನಮ್ಮಲ್ಲಿ ಬೆಳಗ್ಗೆ ತಾಯಿಕುರಿಗಳು ಮೇಯಲು ಹೋದಾಗ ಎಳೆ ಮರಿಗಳನ್ನು ರೊಪ್ಪದಲ್ಲಿ, ಅಂದರೆ ಮುಳ್ಳುಬೇಲಿಯ ದೊಡ್ಡಿಯಲ್ಲಿ, ಕೂಡಿ ಹಾಕುತ್ತೇವೆ. ಸಂಜೆ ಹಿಂಡು ಬಂದಾಗ ಬಾಗಿಲು ತೆಗೆಯುತ್ತೇವೆ. ದಿನವೆಲ್ಲ ಹಸಿದ ಮರಿಗಳು ಅರಚಿಕೊಂಡು ಓಡುತ್ತವೆ, ನೂರು ಕುರಿಗಳ ಮಧ್ಯೆ ತಂತಮ್ಮ ತಾಯಿಯ ಕೆಚ್ಚಲನ್ನೇ ಹುಡುಕಿ ಬಾಯಿ ಹಾಕುತ್ತವೆ. ಮಧ್ಯಾಹ್ನ ಯಾರಾದರೂ ಕರುಣೆ ಉಕ್ಕಿ ಮರಿಗೆ ಹಾಲು ಕುಡಿಸಿದರೋ, ಕೆಟ್ಟಿತು. ಅದು ಸಂಜೆ ತಾಯಿಯನ್ನು ಹುಡುಕುವುದಿಲ್ಲ. ಎರಡು ದಿನ ಹಾಗಾದರೆ ತಾಯಿಯೂ ಒದೆಯುತ್ತದೆ. "ಉಂಡ ಮರಿ ತಾಯಿ ತಾವ ಹೋಗಲ್ಲ," ಎಂದು ನನ್ನ ಅಪ್ಪ ಹೇಳುತ್ತಿದ್ದ. ನನಗೆ ಇಸ್ಕೂಲಿನವರು ಕಲಿಸಿದ್ದಕ್ಕಿಂತ ಇದೇ ಚೆನ್ನಾಗಿ ನೆನಪಿದ್ದದ್ದು.

ಹಾಗಾಗಿ ನಾನು ಬೆಂಗಳೂರಿನಲ್ಲೇ ಗಟ್ಟಿ ಮಾಡಿಕೊಂಡೆ. ವಿಮಾನ ಇಳಿಯುವ ತನಕ ಇಬ್ಬರಿಗೂ ಏನೂ ಕೊಡಕೂಡದು. ಇಳಿದ ಕೂಡಲೇ ಬಾಬುವಿನ ಹಾಲಿನ ಬಾಟಲಿಯನ್ನು ಅಮ್ಮಾರ ಕೈಗೆ ಕೊಡಬೇಕು. ಶಶಿಗೂ ಅವರೇ ತಿನ್ನಿಸಬೇಕು. ಹಸಿದ ಮರಿ ತಾನಾಗೇ ಹೋಗುತ್ತದೆ.

ವಿಮಾನದೊಳಗೆ ಮೊದಲ ಜಗಳ ನನ್ನ ಕಂಬಳಿಯ ಮೇಲೆ. ಬಾಬು ಆ ಕಂಬಳಿಯ ಮೇಲಲ್ಲದೆ ಮಲಗುತ್ತಿರಲಿಲ್ಲ, ಅದಕ್ಕೆ ತಂದಿದ್ದೆ. ಅದು ಕುರಿಯ ವಾಸನೆ ಹೊಡೆಯುತ್ತಿತ್ತು. ಹೊಡೆಯದೆ ಇನ್ನೇನು, ಅದು ಕುರಿಯದೇ. ಸೀರೆಯುಟ್ಟ ಪರಿಚಾರಿಕೆಯ ಹುಡುಗಿ ಎರಡು ಬೆರಳಲ್ಲಿ ಅದರ ಮೂಲೆ ಹಿಡಿದು ಮೇಲಿನ ಗೂಡಿಗೆ ಇಡಲು ಬಂದಳು. ನಾನು ಈ ಕಡೆ ಎಳೆದೆ. ಅವಳು ಸೋತಳು. ಸಾಹೇಬರು ಸಿಗರೇಟು ಸೇದಬೇಕೆಂದು ಹಿಂದುಗಡೆಯ ಸಾಲಿಗೆ ಹೋಗಿ ಕುಳಿತಿದ್ದರು. ಗಂಡಸರು ಮಕ್ಕಳ ಜೊತೆ ಪ್ರಯಾಣ ಮಾಡುವುದು ಹೀಗೇ.

ಆ ಹುಡುಗಿ ಆಮೇಲೆ ಒಂದು ತಟ್ಟೆ ಹಿಡಿದುಕೊಂಡು ಬಂದಳು. ಅದರಲ್ಲಿ ಕಿತ್ತಳೆ ಪೆಪ್ಪರಮೆಂಟು, ಪಕ್ಕದಲ್ಲಿ ಹತ್ತಿಯ ಉಂಡೆಗಳು. ನನಗೆ ಹತ್ತಿ ಯಾಕೆಂದು ತಿಳಿಯಲಿಲ್ಲ, ದೀಪಕ್ಕಾದೀತು ಎಂದು ನಾಲ್ಕು ತೆಗೆದುಕೊಂಡು ಸೆರಗಿಗೆ ಕಟ್ಟಿದೆ. ಶಶಿ ಒಂದು ಪೆಪ್ಪರಮೆಂಟು ತೆಗೆದುಕೊಂಡಳು.

"ತಿನ್ಬ್ಯಾಡ. ಕೈಯಾಗೆ ಇಟ್ಕ. ಇಳಿದ ಮ್ಯಾಲೆ ನಿಮ್ಮಮ್ಮನ ಕೈಲಿ ತಿನ್ನುವಂತೆ. ಅಲ್ಲಿ ತನಕ ಸುಮ್ಕೆ ಕುಂತಿರಬೇಕು, ಪಿಟ್ಟೆನ್ನಂಗಿಲ್ಲ," ಎಂದೆ.

ಅವಳು ಮುಷ್ಟಿ ಮುಚ್ಚಿಕೊಂಡಳು. ಹೇಳಿದರೆ ಹೇಳಿದ ಹಾಗೆ ಕೇಳುವ ಹುಡುಗಿ. ಅಂಥ ಮಕ್ಕಳ ಮೇಲೆ ನಾವು ಕಣ್ಣಿಡುವುದೇ ಇಲ್ಲ.

ವಿಮಾನ ಗುಡುಗಿಕೊಂಡು ಎದ್ದಿತು. ಬಾಬು ಅರಚಲು ಹಿಡಿದ. ಹೊಟ್ಟೆ ಹಸಿವಿಗೆ ಅರಚುತ್ತಾನೆ, ಒಳ್ಳೆಯದೇ ಎಂದುಕೊಂಡೆ. ಆದರೆ ಅದು ಹಸಿವಿನ ಅಳುವಾಗಿರಲಿಲ್ಲ. ಕಿವಿ ಹಿಡಿದುಕೊಂಡು, ಬೆನ್ನು ಬಿಲ್ಲು ಮಾಡಿ, ಕಿರಿಕಿರಿ ಕಿರಿಕಿರಿ. ಆ ಪರಿಚಾರಿಕೆ ಓಡಿ ಬಂದು ಇಂಗ್ಲಿಷಿನಲ್ಲಿ ಏನೋ ಅಂದಳು, ಬಾಟಲಿ ತೋರಿಸಿದಳು, ತನ್ನ ಗಂಟಲು ಮುಟ್ಟಿ ನುಂಗಿ ತೋರಿಸಿದಳು. ನಾನು ಬಾಟಲಿಯನ್ನು ಕಂಬಳಿಯೊಳಗೆ ಅಡಗಿಸಿದೆ. ಕೊನೆಗೆ ಸಾಹೇಬರು ಎದ್ದು ಬಂದರು.

"ಹಾಲು ಕೊಡು ಅಂತಿದಾಳೆ. ನುಂಗಿದರೆ ಕಿವಿ ಬಿಡುತ್ತಂತೆ."

"ಕಿವಿಗೂ ಗಂಟ್ಲಿಗೂ ಏನ್ ಸಂಬಂಧ ಸಾಮಿ? ಈಗ ಕುಡಿಸಿದ್ರೆ ಅಮ್ಮಾರ ತಾವ ಹೋಗಲ್ಲ ಇದು. ಆಮ್ಯಾಕೆ ನಂಗೆ ಹೇಳ್ಬ್ಯಾಡ್ರಿ."

ಸಾಹೇಬರು ನನ್ನನ್ನು ನೋಡಿದರು, ಬಾಬುವನ್ನು ನೋಡಿದರು. ಅವರಿಗೂ ಒಳಗೊಳಗೇ ಅದೇ ಭಯ. ಕಾಯಿಲೆಯಿಂದ ಎದ್ದ ಹೆಂಡತಿ ಕೈ ಚಾಚಿದಾಗ ಮಗ ಮುಖ ತಿರುಗಿಸಿದರೆ? "ನಿನಗೆ ತಿಳಿದ ಹಾಗೆ ಮಾಡು," ಎಂದು ಹೇಳಿ ಹೋಗಿ ಇನ್ನೊಂದು ಸಿಗರೇಟು ಹಚ್ಚಿದರು.

ಆಚೆ ಸೀಟಿನಲ್ಲಿ ಒಬ್ಬ ಬಿಳಿ ಟೋಪಿಯ ಯಜಮಾನರು, ನಮ್ಮ ಕನ್ನಡದವರೇ. ಎಷ್ಟೋ ಹೊತ್ತು ತಡೆದುಕೊಂಡಿದ್ದವರು ಕೊನೆಗೆ ಸಿಡಿದರು. "ಏನಮ್ಮಾ, ಆ ಕೂಸನ್ನ ಕೊಲ್ತೀಯಾ ಹೇಗೆ?"

"ಹತ್ತಿ ಕೊಟ್ಟವ್ರೆ, ಕಿವಿಗೆ ತುರುಕ್ಕಳ್ರಿ," ಎಂದೆ. ಹಾಗೆಂದ ಮೇಲೆಯೇ ಹತ್ತಿ ಯಾಕೆ ಎಂಬುದು ನನಗೂ ಹೊಳೆದದ್ದು.

ಶಶಿ ನನ್ನ ತೋಳು ಎಳೆದು, ಉಚ್ಚೆ ಎಂದಳು. ಬಾಬುವನ್ನು ಸೊಂಟಕ್ಕೆ ಏರಿಸಿಕೊಂಡು, ಅವಳ ಮಣಿಕಟ್ಟು ಹಿಡಿದು, ಆ ಇಕ್ಕಟ್ಟಿನ ಗೂಡಿಗೆ ಹೋದೆ. ಮೂವರೂ ಒಳಗೆ ಹಿಡಿಯಲಿಲ್ಲ, ಬಾಗಿಲು ತೆರೆದೇ ನಿಂತೆ. "ಅವ್ವಾ, ಇದು ಕೆಳಗೆ ಯಾರ ತಲೆ ಮ್ಯಾಲೆ ಬೀಳ್ತೈತೆ?" ಎಂದು ಕೇಳಿದಳು. ಸಾಹೇಬರ ಮಗಳ ಬಾಯಲ್ಲಿ ನಮ್ಮ ಮಾತು ಹೇಗೆ ಕೂತಿತ್ತು ನೋಡಿ. "ಯಾರಾರ ಶೆಟ್ಟಿ ತಲೆ ಮ್ಯಾಲೆ ಬೀಳ್ಲಿ, ಬೇಗ ಮುಗ್ಸು," ಎಂದೆ. ವಿಮಾನದಲ್ಲಿ ಅವಳು ಆಡಿದ ಕೊನೆಯ ಮಾತು ಅದೇ. ಇಳಿಯುವಾಗ ಅವಳು ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡು ನನ್ನ ಸೆರಗನ್ನು ಕಚ್ಚಿಕೊಂಡಿದ್ದಳು. ಹೆದರಿಕೆ ಎಂದುಕೊಂಡೆ. ಕೆಳಗೆ ನೆಲ ಕಾಣುತ್ತಿತ್ತು. ನಮ್ಮ ಮನೆ ಕಾಣಲಿಲ್ಲ, ಒಂದು ಕುರಿಯೂ ಕಾಣಲಿಲ್ಲ. ಅಷ್ಟು ಮೇಲಿನಿಂದ ಏನೂ ಕಾಣುವುದಿಲ್ಲ, ಸುಮ್ಮನೆ ಜನ ದೊಡ್ಡದು ಮಾಡಿ ಹೇಳುತ್ತಾರೆ.

ಬೊಂಬಾಯಿಯಲ್ಲಿ ಅಮ್ಮಾರು ತಮ್ಮ ತಾಯಿಯ ಜೊತೆ ಬಂದು ಕಾಯುತ್ತಿದ್ದರು. ಅರ್ಧ ಆಗಿಹೋಗಿದ್ದರು, ಸೀರೆಯೇ ಅವರನ್ನು ಉಟ್ಟುಕೊಂಡಂತಿತ್ತು. ನಾನು ಮಾತಿಲ್ಲದೆ ಬಾಬುವನ್ನು ಅವರ ತೋಳಿಗೆ ಹಾಕಿ, ಬಾಟಲಿಯನ್ನು ಕೈಗಿಟ್ಟೆ. ಅವನು ಒಂದು ಸಲ ನನ್ನ ಕಡೆ ವಾಲಿದ. ಅಷ್ಟರಲ್ಲಿ ಹಾಲು ತುಟಿಗೆ ತಾಗಿತು. ಎರಡು ಕೈಯಲ್ಲಿ ಬಾಟಲಿ ಹಿಡಿದು, ಅಮ್ಮಾರ ಮುಖವನ್ನೇ ನೋಡುತ್ತ, ಗಟಗಟ ಕುಡಿದು, ಅವರ ಭುಜದ ಮೇಲೆಯೇ ನಿದ್ದೆ ಹೋದ. ಅಮ್ಮಾರು ಅಳುತ್ತಿದ್ದರು. ನಾನು ಮನಸ್ಸಿನಲ್ಲಿ ಅಪ್ಪನಿಗೆ ಕೈ ಮುಗಿದೆ. ಗೆದ್ದೆ ಎಂದುಕೊಂಡೆ.

ಶಶಿಯ ಬಗ್ಗೆ ಯಾರಿಗೂ ಚಿಂತೆ ಇರಲಿಲ್ಲ. ದೊಡ್ಡವಳು, ತಾಯಿಯ ನೆನಪಿದ್ದವಳು, ಓಡಿ ಹೋಗುತ್ತಾಳೆ ಎಂದೇ ಎಲ್ಲರೂ ತಿಳಿದಿದ್ದೆವು. ಅವಳು ಬೇರೆ ಕಡೆ ನೋಡುತ್ತ ನಿಂತಿದ್ದಳು. ಅಮ್ಮಾರು ಹಿಂದಿನಿಂದ, "ಶಶೀ, ಶಶಿಮರೀ," ಎಂದು ಕರೆದರು. ತಿರುಗಲಿಲ್ಲ. ಮತ್ತೆ ಕರೆದರು. ತಿರುಗಲಿಲ್ಲ. ಬಂದು ತಬ್ಬಿಕೊಂಡರೆ ಗೂಟದ ಹಾಗೆ ನಿಂತಳು. ನಾನು ಹೋಗಿ ಮಣಿಕಟ್ಟು ಹಿಡಿದು, ಬಾ ಎಂದು ಎಳೆದೆ. ನನ್ನ ಹಿಂದೆ ಸರಸರ ಬಂದಳು.

ಮನೆಯಲ್ಲೂ ಅದೇ. ಅಜ್ಜಿ ಊಟಕ್ಕೆ ಕರೆದರೆ ಬರಲಿಲ್ಲ, ನಾನು ಕೈ ಹಿಡಿದು ಕೂರಿಸಿದರೆ ಕುಳಿತಳು. ಅಮ್ಮಾರು ಗೊಂಬೆ ತಂದು ಹಿಂದಿನಿಂದ ಏನೋ ಹೇಳಿದರೆ ಗೋಡೆ ನೋಡುತ್ತಿದ್ದಳು. ಎದುರಿಗೆ ಹೋದರೆ ಮುಖ ನೋಡಿ ಹೂಂ ಎನ್ನುತ್ತಿದ್ದಳು, ಅಷ್ಟೇ. ಮಾರನೇ ಬೆಳಗ್ಗೆ ಆ ಅಜ್ಜಿ ಅಡಿಗೆಮನೆಯಲ್ಲಿ ನನಗೆ ಕೇಳುವ ಹಾಗೆಯೇ ಹೇಳಿದರು. "ಕೆಲಸದವಳಿಗೆ ಅಂಟಿಕೊಂಡುಬಿಟ್ಟಿದೆ ಹುಡುಗಿ. ಭಾಷೆ ನೋಡು, ನಡೆ ನೋಡು. ಇವಳನ್ನ ಈಗಲೇ ಕಳಿಸಿದರೆ ಆ ಮಗು ಹಾಸಿಗೆ ಹಿಡಿಯುತ್ತೆ."

ಅಮ್ಮಾರು ನನ್ನ ಹತ್ತಿರ ಬಂದರು. "ಒಂದು ತಿಂಗಳು ಇದ್ದು ಹೋಗು," ಎಂದರು.

"ನನ್ ಮಗ್ಳು ಅಲ್ಲಿ ಒಬ್ಬಳೇ ಐತೆ ಅಮ್ಮಾರೇ. ಮೂರು ದಿನ ಅಂತ ಹೇಳಿ ಬಂದೀನಿ."

"ಅವಳಿಗೆ ಅಜ್ಜಿ ಇದ್ದಾರಲ್ಲ."

"ಇವಳಿಗೂ ಅಜ್ಜಿ ಅವ್ರೆ ತಾನೆ."

ಅಮ್ಮಾರ ಮುಖ ಕೆಂಪಾಯಿತು. ಆಮೇಲೆ ಮೆಲ್ಲಗೆ, "ನನ್ನ ಮಗಳು ನನ್ನ ಮಾತಿಗೆ ತಿರುಗಿಯೂ ನೋಡುತ್ತಿಲ್ಲ. ನಾನೇನು ಮಾಡಲಿ ಹೇಳು," ಎಂದರು. ಅವರಿಗೆ ಅವರ ಮಗಳು ಬೇಕು, ನನಗೆ ನನ್ನ ಮಗಳು ಬೇಕು. ಇಬ್ಬರ ಮಧ್ಯೆ ಆ ಐದು ವರ್ಷದ ಕತ್ತೆ ಮೂಗು ಸುರಿಸಿಕೊಂಡು ಮಣಿ ಪೋಣಿಸುತ್ತ ಕುಳಿತಿತ್ತು. ಎರಡು ಕೊಟ್ಟು ಬುದ್ಧಿ ಕಲಿಸೋಣ ಎನಿಸಿತು. ಪರರ ಮನೆ, ಸುಮ್ಮನಾದೆ. ಸಾಹೇಬರು ಪೇಪರು ಓದುವ ನೆಪದಲ್ಲಿ ಮುಖ ಮುಚ್ಚಿಕೊಂಡಿದ್ದರು. ನನ್ನ ವಾಪಸು ಟಿಕೀಟು ಅವರ ಅಂಗಿಯ ಜೇಬಿನಲ್ಲಿತ್ತು, ಅರ್ಧ ಹೊರಗೆ ಕಾಣುತ್ತಿತ್ತು. ನಾನು ಅದನ್ನೇ ನೋಡುತ್ತಿದ್ದೆ.

ಮಧ್ಯಾಹ್ನ ಅಡಿಗೆಮನೆಯಲ್ಲಿ ಅಜ್ಜಿಯ ಕೈಯಿಂದ ಹಿತ್ತಾಳೆಯ ದೊಡ್ಡ ಕೊಳಗ ಜಾರಿ ಬಿತ್ತು. ಮನೆಯೇ ಬಿದ್ದಷ್ಟು ಸದ್ದು. ನಾನು ಬೆಚ್ಚಿದೆ, ಸಾಹೇಬರ ಪೇಪರು ಹಾರಿತು, ಮಲಗಿದ್ದ ಬಾಬು ಎದ್ದು ಕಿರುಚಿದ. ಶಶಿ ಮಾತ್ರ ಅಡಿಗೆಮನೆಗೆ ಬೆನ್ನು ಹಾಕಿ ಕುಳಿತು ಒಂದು ಕೆಂಪು ಮಣಿಗೆ ದಾರ ತೂರಿಸುತ್ತಿದ್ದಳು. ಕಣ್ಣೂ ಮಿಟುಕಿಸಲಿಲ್ಲ.

ಅದನ್ನು ಮೊದಲು ಕಂಡದ್ದು ಅಮ್ಮಾರು. ಅವರು ಶಶಿಯ ಎದುರು ಬಂದು ಮೊಣಕಾಲೂರಿ ಕುಳಿತರು. "ಮಣಿ ಚೆನ್ನಾಗಿದೆಯಾ?" ಎಂದರು. ಶಶಿ ಹೂಂ ಎಂದಳು. ಅಮ್ಮಾರು ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅದೇ ಮಾತನ್ನು ಮತ್ತೆ ಆಡಿದರು. ಶಶಿ ಸುಮ್ಮನೆ ನೋಡಿದಳು.

"ಇವಳಿಗೆ ಕಿವಿ ಕೇಳಿಸುತ್ತಿಲ್ಲ," ಎಂದರು ಅಮ್ಮಾರು. ದನಿ ನಡುಗಲಿಲ್ಲ. ಕಾಯಿಲೆ ಬಿದ್ದೆದ್ದವರಿಗೆ ಒಂದು ಗಟ್ಟಿತನ ಬಂದಿರುತ್ತದೆ. "ವಿಮಾನದಲ್ಲಿ ಇವಳು ಏನಾದರೂ ತಿಂದಳಾ? ಪೆಪ್ಪರಮೆಂಟು, ನೀರು?"

"ಏನೂ ಇಲ್ಲ. ನಾನೇ ಬ್ಯಾಡ ಅಂದೆ. ನಿಮ್ಮ ಕೈಲೇ ತಿನ್ಲಿ ಅಂತ."

ಬೈಯುತ್ತಾರೆ ಎಂದು ಕಾದೆ. ಬೈಯಲಿಲ್ಲ. ತಾವು ಕಾಯಿಲೆಯಲ್ಲಿ ವಿಮಾನದಲ್ಲಿ ಬಂದಾಗ ತಮಗೂ ಹೀಗೇ ಎರಡು ದಿನ ಕಿವಿ ಕಟ್ಟಿತ್ತೆಂದೂ, ನೆಗಡಿ ಇದ್ದರೆ ಇನ್ನೂ ಕಟ್ಟುತ್ತದೆಂದೂ ಹೇಳಿದರು. ಬಿಸಿನೀರು ತರಿಸಿ ಗುಟುಕು ಗುಟುಕಾಗಿ ಕುಡಿಸಿದರು. ಆಮೇಲೆ ಅವಳನ್ನು ತೊಡೆಯ ಮೇಲೆ ಎದುರುಬದುರಾಗಿ ಕೂರಿಸಿಕೊಂಡು, ಬಾಯಿ ಅಗಲಿಸಿ ದೊಡ್ಡದಾಗಿ ಆಕಳಿಸಿದರು. ಶಶಿ ನೋಡಿದಳು. ಇನ್ನೊಂದು ಆಕಳಿಕೆ. ಶಶಿಯ ಬಾಯೂ ತೆರೆಯಿತು. ಆಕಳಿಕೆ ಎಂಬುದು ಅಂಟುರೋಗ, ನಿಮಗೆ ಗೊತ್ತಲ್ಲ. ಸಾಹೇಬರು ಆಕಳಿಸಿದರು. ನಾನು ಆಕಳಿಸಿದೆ. ಕೊಳಗ ಹಿಡಿದು ಬಾಗಿಲಲ್ಲಿ ನಿಂತಿದ್ದ ಅಜ್ಜಿಯೂ ಆಕಳಿಸಿ, ಶಿವ ಶಿವಾ ಎಂದು ಚಿಟಿಕೆ ಹೊಡೆದರು. ಹಟ್ಟಿಯ ನಾಯಿಗಳ ಹಾಗೆ ಮನೆಮಂದಿಯೆಲ್ಲ ಬಾಯಿ ತೆರೆದುಕೊಂಡು ಕುಳಿತೆವು.

ಎಷ್ಟನೆಯ ಆಕಳಿಕೆಯೋ, ಶಶಿ ತಟ್ಟನೆ ತಲೆ ಕೊಡವಿದಳು. ಕಿವಿ ಮುಟ್ಟಿ ನೋಡಿಕೊಂಡಳು. ಆಮೇಲೆ ಇನ್ನೂ ಅಳುತ್ತಿದ್ದ ಬಾಬುವಿನ ಕಡೆ ತಿರುಗಿ ಹುಬ್ಬು ಗಂಟಿಕ್ಕಿ ಕೇಳಿದಳು.

"ಇವ್ನು ಯಾಕೆ ಹಿಂಗೆ ಬಡ್ಕಂತಾನೆ?"

ಅಮ್ಮಾರು ನಕ್ಕರೋ ಅತ್ತರೋ. "ಕೇಳಿಸಲ್ಲ ಅಂತ ಯಾಕೆ ಹೇಳಲಿಲ್ಲ ಪುಟ್ಟಾ?"

"ಅವ್ವ ಸುಮ್ಕಿರು ಅಂದಿದ್ಲು. ಮತ್ತೆ, ಬೊಂಬಾಯಾಗೆ ಎಲ್ಲಾರೂ ಮೆಲ್ಲಗೆ ಮಾತಾಡ್ತಾರೆ ಅಂದ್ಕಂಡಿದ್ದೆ."

ಸಾಹೇಬರು ಎದ್ದು ಕಿಟಕಿಯ ಹತ್ತಿರ ಹೋಗಿ ನಿಂತುಕೊಂಡರು. ಶಶಿ ತಾಯಿಯ ಗಲ್ಲ ಹಿಡಿದು ತನ್ನ ಕಡೆ ತಿರುಗಿಸಿಕೊಂಡಳು. "ಅಮ್ಮಾ, ಮಾತಾಡು," ಎಂದಳು.

"ಏನು ಮಾತಾಡಲಿ?"

"ಏನಾರ."

ಅಮ್ಮಾರು ಮಾತಾಡಿದರು. ಸಂಜೆಯ ತನಕ ಮಾತಾಡಿದರು. ಆ ಮನೆಯ ಬೆಕ್ಕಿನ ವಿಷಯ, ಎದುರು ಮನೆಯವರ ವಿಷಯ, ಔಷಧಿಯ ಕಹಿಯ ವಿಷಯ. ಅದರಲ್ಲಿ ಕೇಳುವಂಥದ್ದೇನೂ ಇರಲಿಲ್ಲ. ಶಶಿ ತೊಡೆ ಬಿಟ್ಟು ಇಳಿಯಲಿಲ್ಲ. ನಾನು ಒಳಗೆ ಹೋಗಿ ನನ್ನ ಕಂಬಳಿ ಮಡಿಸಿ ಕಟ್ಟಿದೆ.

ಮಾರನೇ ದಿನ ಹೊರಟಾಗ ಬಾಬು ಅಮ್ಮಾರ ಸೊಂಟದ ಮೇಲೆ ಕುಳಿತು ಅವರ ಕಿವಿಯ ಓಲೆ ಎಳೆಯುತ್ತಿದ್ದ. ನನ್ನ ಕಡೆ ನೋಡಲಿಲ್ಲ. ಒಳ್ಳೆಯದೇ ಆಯಿತು. ಶಶಿ ಬಾಗಿಲ ತನಕ ಬಂದು ನನ್ನ ಕಿವಿಯಲ್ಲಿ ಹೇಳಿದಳು. "ಗಂಗಿಗೆ ಹೇಳು, ನಾನು ಆಕಾಶದಾಗೆ ಉಚ್ಚೆ ಹೊಯ್ದೆ ಅಂತ." ಹೇಳುತ್ತೇನೆ ಎಂದೆ.

ಬರುವಾಗ ತೊಡೆ ಖಾಲಿ. ಮಕ್ಕಳಿಲ್ಲದೆ ವಿಮಾನದಲ್ಲಿ ಮಾಡುವುದಕ್ಕೆ ಏನೂ ಕೆಲಸವಿರುವುದಿಲ್ಲ, ಕೈ ಎಲ್ಲಿಡಬೇಕೆಂದೇ ತಿಳಿಯುವುದಿಲ್ಲ. ತಟ್ಟೆ ಬಂದಾಗ ಎರಡು ಬೊಗಸೆ ಪೆಪ್ಪರಮೆಂಟು ತೆಗೆದುಕೊಂಡೆ. ಆ ಪರಿಚಾರಿಕೆ ಏನೋ ಹೇಳಲು ಬಾಯಿ ತೆರೆದವಳು ನನ್ನ ಮುಖ ನೋಡಿ ಮುಂದೆ ಹೋದಳು. ಒಂದನ್ನು ಬಾಯಿಗೆ ಹಾಕಿಕೊಂಡೆ. ನನ್ನ ಕಿವಿ ಕಟ್ಟಲಿಲ್ಲ.

ಯಲ್ಲದಕೆರೆ ಮುಟ್ಟಿದಾಗ ಹೊತ್ತು ಮುಳುಗುತ್ತಿತ್ತು. ಅಪ್ಪ ರೊಪ್ಪದ ಬಾಗಿಲು ಹಾಕಿ ಬಂದು ಜಗಲಿಯ ಮೇಲೆ ಕುಳಿತಿದ್ದ. ಗಂಗಿ ಉಂಡು ಕೈ ತೊಳೆದು ತಾತನ ಪಕ್ಕದಲ್ಲಿ ಹೊಟ್ಟೆ ಉಬ್ಬಿಸಿಕೊಂಡು ಒರಗಿದ್ದಳು. ಓಡಿ ಬರಲಿಲ್ಲ. ಎದ್ದು, ನಿಧಾನವಾಗಿ ಬಂದು, ನನ್ನ ಸೀರೆ ಮುಟ್ಟಿ ನೋಡಿ, ಒಳಗೆ ನನ್ನ ಹಿಂದೆ ಬಂದಳು. ಪೆಪ್ಪರಮೆಂಟು ಕೊಟ್ಟೆ. ಲಂಗಕ್ಕೆ ಕಟ್ಟಿಕೊಂಡಳು, ತಿನ್ನಲಿಲ್ಲ. ನನ್ನ ತಾಯಿ ನನ್ನ ತಟ್ಟೆಗೆ ಮುದ್ದೆ ಇಟ್ಟು ಸಾರು ಬಿಟ್ಟಳು. ನಾನು ಮೊದಲ ತುತ್ತು ಮುರಿಯುವಷ್ಟರಲ್ಲಿ ಗಂಗಿ ಎದುರು ಬಂದು ಚಕ್ಕಳಮಕ್ಕಳ ಹಾಕಿ ಕುಳಿತು ಬಾಯಿ ತೆರೆದಳು.

"ಉಂಡಿಲ್ವೇನೇ?"

"ಉಂಡೆ."

"ಈಗ ತಾನೇ ಎಲ್ಡು ಮುದ್ದೆ ನುಂಗೈತೆ ಮುಂಡೇದು," ಎಂದು ನನ್ನ ತಾಯಿ ಗೊಣಗಿದಳು. ಬಾಯಿ ಮುಚ್ಚಲಿಲ್ಲ ಅದು. ತುತ್ತು ಇಟ್ಟೆ. ನುಂಗಿ ಮತ್ತೆ ತೆರೆಯಿತು. ಅರ್ಧ ಮುದ್ದೆ ನನ್ನ ಕೈಯಿಂದ ತಿಂದಿತು. ಹೊಟ್ಟೆ ಬಿರಿಯುವ ಹಾಗಿದ್ದರೂ ತಿಂದಿತು.

ಜಗಲಿಗೆ ಬಂದು ಅಪ್ಪನಿಗೆ ಹೇಳಿದೆ. "ಉಂಡ ಮರೀನೂ ಬರ್ತೈತೆ ಕಣಪ್ಪ."

ಅಪ್ಪ ಎಲೆಗೆ ಸುಣ್ಣ ಹಚ್ಚುತ್ತಿದ್ದ. ವಿಮಾನ ಹೇಗಿತ್ತು ಎಂದೂ ಕೇಳಿರಲಿಲ್ಲ. "ನಾನು ಹೇಳಿದ್ದು ಕುರಿ ಮಾತು. ಕುರಿ ಮಾತು ಕುರಿಗೆ. ನಿಂಗ್ಯಾರವ್ವ ಹೇಳ್ದೋರು ಅದನ್ನ ಮಕ್ಳಿಗೆ ಮಾಡು ಅಂತ?" ಎಂದು ಎಲೆ ಬಾಯಿಗಿಟ್ಟುಕೊಂಡ.

ಆ ವರ್ಷವೇ ಕೆಲಸ ಬಿಟ್ಟೆ. ಸಾಹೇಬರಿಗೂ ಬೇರೆ ಊರಿಗೆ ವರ್ಗವಾಯಿತು. ಆ ಮಕ್ಕಳನ್ನು ಮತ್ತೆ ನೋಡಲಿಲ್ಲ, ನೋಡಬೇಕೆಂದೂ ಹೋಗಲಿಲ್ಲ. ಅವರು ಈಗ ಅಜ್ಜ ಅಜ್ಜಿ ಆಗುವ ವಯಸ್ಸಿನವರು. ನೋಡಿದರೆ ನನಗೇ ಗುರುತು ಸಿಗಲಾರದು.

ಇಷ್ಟು ನೆನೆಯುವಷ್ಟರಲ್ಲಿ ಬಸ್ಸು ಹೊಸದುರ್ಗಕ್ಕೆ ಬಂತು. ಗಂಗಿಯ ಮನೆ ನಿಲ್ದಾಣದಿಂದ ದೂರವಿಲ್ಲ. ಅವಳಿಗೂ ಈಗ ತಲೆ ಬೆಳ್ಳಗಾಗಿದೆ, ಮಂಡಿ ನೋವು ಬೇರೆ. ನಾನು ಹೊಳಲ್ಕೆರೆಯಲ್ಲಿ ನನ್ನ ತಂಗಿಯ ಮನೆಯಲ್ಲಿ ಹೋಳಿಗೆ ಊಟ ಮಾಡಿ, ಅಲ್ಲಾಡಲೂ ಆಗದ ಹಾಗೆ ತಿಂದು ಹೊರಟಿದ್ದೆ. ಬಾಗಿಲು ದಾಟಿದ್ದೇ ಗಂಗಿ ನನ್ನ ಕೈಚೀಲ ಇಸಿದುಕೊಂಡಳು. ಉಂಡೆಯಾ ಎಂದು ಕೇಳಲಿಲ್ಲ. ತಟ್ಟೆ ಇಟ್ಟಳು, ಮುದ್ದೆ ಇಟ್ಟಳು, ಸಾರು ಬಿಟ್ಟಳು, ಮಂಡಿ ಹಿಡಿದುಕೊಂಡು ಎದುರು ಕುಳಿತಳು.

ನನಗೆ ಹಸಿವು ಇರಲಿಲ್ಲ. ಕುಳಿತು ಉಂಡೆ. ಆಮೇಲೆ ಹೊಟ್ಟೆ ಉಬ್ಬರಿಸಿತು, ಅದು ಬೇರೆ ಮಾತು.